ಎರಡು ಸಾಲು ಬರೆದುಕೊಡು

ಚಾಂಪಿಯನ್ ರೀಫ್ಸ್
8 ಸೆಪ್ಟೆಂಬರ್ 1957

ಬೂದಿಕೋಟೆ ಪ್ರೈಮರಿ ಸ್ಕೂಲಿನ ಉಪಾಧ್ಯಾಯಿನಿ ಶ್ರೀಮತಿ ಸುವಾರ್ತಮ್ಮನವರಿಗೆ,

ಇಲ್ಲಿಯ ಕ್ರೈಸ್ತ ಸಭೆಯ ಹಿರಿಯನಾದ ಕೋದಂಡಪ್ಪನು ಬರೆಯುವುದೇನೆಂದರೆ, ತಾವು ಕಳೆದ ತಿಂಗಳು ಬಂಗಾರಪೇಟೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ, ನಮ್ಮ ವಿಶ್ವಾಸಕ್ಕೆ ಸೇರದ ಆದಿನಾರಾಯಣ ಎಂಬುವರನ್ನು ಮದುವೆಯಾಗಿರುವುದು ಕಮಿಟಿಯ ಗಮನಕ್ಕೆ ಬಂದಿದೆ. ಆದ್ದರಿಂದ ಕರ್ತನ ಭೋಜನದ ಪಟ್ಟಿಯಿಂದ ತಮ್ಮ ಹೆಸರನ್ನು ತೆಗೆಯಲಾಗಿದೆ. 'ಅವಿಶ್ವಾಸಿಯನ್ನು ಮದುವೆಯಾಗಿ ಪಾಪ ಮಾಡಿದೆ, ಸಭೆ ನನ್ನನ್ನು ಕ್ಷಮಿಸಬೇಕು' ಎಂದು ಎರಡು ಸಾಲು ಬರೆದು, ಸಹಿ ಹಾಕಿ ಕಳಿಸಿದಲ್ಲಿ, ಆರು ತಿಂಗಳ ನಂತರ ಆ ಭೋಜನದ ರೊಟ್ಟಿಗೂ ದ್ರಾಕ್ಷಾರಸದ ಪಾತ್ರೆಗೂ ಮತ್ತೆ ಸೇರಿಸಿಕೊಳ್ಳಲಾಗುವುದು. ಅಲ್ಲಿಯವರೆಗೆ ಸಭೆಯ ಹಿರಿಯರಾರೂ ತಮ್ಮ ಮನೆಯಲ್ಲಿ ಊಟ ಮಾಡುವಂತಿಲ್ಲ. ಇದು ಮೊದಲಿನಿಂದ ಬಂದ ಕ್ರಮ.

ಇತಿ,
ಕೋದಂಡಪ್ಪ, ಹಿರಿಯ

(ಹಿಂಬದಿಗೆ)

ಮುಂದಿರುವುದು ಕಮಿಟಿಯ ಮಾತು. ಅಕ್ಷರ ನೆಟ್ಟಗಿರುವುದು ನನ್ನದೊಂದೇ ಆದ್ದರಿಂದ ನಾನೇ ಬರೆಯಬೇಕಾಯಿತು. ನಿನ್ನ ಕೊಡೆ ಇಲ್ಲೇ ಉಳಿದಿದೆ. ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ಬಿಸಿಲಿಗೆ ಬರಿ ತಲೆಯಲ್ಲಿ ಓಡಾಡಬೇಡ.

*

ಬೂದಿಕೋಟೆ
10 ನವೆಂಬರ್ 1957

ಅಪ್ಪನಿಗೆ ಸುವಾರ್ತೆ ಮಾಡುವ ವಂದನೆಗಳು. ಸಭೆಯ ಹಿರಿಯರಿಗೂ ಒಂದು ನಮಸ್ಕಾರ, ಅವರೂ ಅದೇ ಮನೆಯಲ್ಲಿರುವುದರಿಂದ.

ಕಾಗದ ಬಂತು. ಮುಂದಿನ ಪುಟವನ್ನು ಒಂದು ಸಲ ಓದಿದೆ, ಹಿಂದಿನದನ್ನು ಎಷ್ಟು ಸಲವೋ.

ಅಪ್ಪ, ನಾನು ಮಾಡಿದ ತಪ್ಪುಗಳನ್ನು ಬರೆ ಎಂದರೆ ಎರಡು ಸಾಲಲ್ಲ, ಎರಡು ಪುಟ ಬರೆದುಕೊಡುತ್ತೇನೆ. ಇನ್‌ಸ್ಪೆಕ್ಟರು ಬರುತ್ತಾರೆ ಎಂದು ಸುಳ್ಳು ಹೇಳಿ ಹೋದ ವರ್ಷ ದಸರಾ ರಜೆಗೆ ಮನೆಗೆ ಬರದೆ ಉಳಿದೆ. ನಿಮಗೆ ಹೇಳದೆ ಮದುವೆಯಾದೆ. ಅದಕ್ಕೆ ನಿಮ್ಮ ಕಾಲು ಹಿಡಿಯಲು ಸಿದ್ಧ. ಆದರೆ ಕಮಿಟಿ ಕೇಳುವುದು ಅದಲ್ಲ. ನನ್ನ ಗಂಡನನ್ನೇ ಪಾಪ ಎಂದು ಬರೆದುಕೊಡು ಎನ್ನುತ್ತದೆ. ಅದನ್ನು ಬರೆದು, ಸಂಜೆ ಅವರಿಗೆ ಊಟಕ್ಕೆ ಬಡಿಸುವಾಗ ನಾನು ಯಾವ ಮುಖ ಇಟ್ಟುಕೊಳ್ಳಲಿ?

ಅವರದು ಇಲ್ಲಿ ಒಂದು ಸಣ್ಣ ಸೈಕಲ್ ಶಾಪು. ಪ್ರತಿ ಭಾನುವಾರ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಏಳೆಂಟು ಮೈಲಿ ತುಳಿದು ಬಂಗಾರಪೇಟೆಯ ಚರ್ಚಿಗೆ ನನ್ನನ್ನು ಕರೆದೊಯ್ಯುತ್ತಾರೆ. ಆರಾಧನೆ ಮುಗಿಯುವವರೆಗೆ ಹೊರಗೆ ಮರದಡಿ ಕೂತಿರುತ್ತಾರೆ. ನಿಮ್ಮ ಕಮಿಟಿಯ ಕಾಗದ ಅಲ್ಲಿಗೂ ತಲುಪಿದೆ. ತಿಂಗಳ ಮೊದಲ ಭಾನುವಾರ ಎಲ್ಲರೂ ಎದ್ದು ಭೋಜನದ ಮೇಜಿನ ಹತ್ತಿರ ಹೋಗುವಾಗ ಕೊನೆಯ ಬೆಂಚಿನಲ್ಲಿ ನಾನೊಬ್ಬಳೇ ಕೂತಿರುತ್ತೇನೆ. ಆ ಐದು ನಿಮಿಷ ಬಹಳ ಉದ್ದ ಅಪ್ಪ.

ಕೊಡೆ ಕಳಿಸಬೇಡಿ. ನೀವೇ ತನ್ನಿ.

ನಿಮ್ಮ ಮಗಳು
ಸುವಾರ್ತೆ

*

ಚಾಂಪಿಯನ್ ರೀಫ್ಸ್
14 ಡಿಸೆಂಬರ್ 1957

ಸುವಾರ್ತಮ್ಮನಿಗೆ ಆಶೀರ್ವಾದ.

ಕ್ರಿಸ್‌ಮಸ್ ಹತ್ತಿರ ಬಂತು. ಗಣಿ ಲೈನಿನ ಮನೆಗಳಿಗೆಲ್ಲ ಸುಣ್ಣ ಬಳಿಯುತ್ತಿದ್ದಾರೆ. ನಮ್ಮದಕ್ಕೆ ಈ ಸಲ ಬಳಿಯಲಿಲ್ಲ, ಒಬ್ಬನಿಗೆ ಅಷ್ಟು ಬೆಳಕು ಯಾಕೆ.

ಭೋಜನದ ಹಿಂದಿನ ಶನಿವಾರದ ಸುತ್ತು ಎಂದಿನಂತೆ ಮಾಡುತ್ತಿದ್ದೇನೆ. ನಿನಗೆ ಗೊತ್ತಲ್ಲ, ಮನೆಮನೆಗೆ ಹೋಗಿ 'ನಿಮ್ಮಲ್ಲಿ ಜಗಳವಿದೆಯೇ, ಇದ್ದರೆ ಮೊದಲು ರಾಜಿಯಾಗಿ, ಆಮೇಲೆ ಮೇಜಿಗೆ ಬನ್ನಿ' ಎಂದು ಕೇಳುವುದು. ನನ್ನ ತಲೆ ಬೀದಿಯ ಕೊನೆಯಲ್ಲಿ ಕಂಡರೆ ಸಾಕು, ಶ್ರೀರಾಮಪ್ಪನ ಮನೆಯಲ್ಲಿ ಪಾತ್ರೆ ಎಸೆಯುವ ಸದ್ದು ನಿಲ್ಲುತ್ತದೆ. ಬಾಗಿಲಿಗೆ ಹೋದರೆ ಗಂಡ ಹೆಂಡತಿ ಒಂದೇ ಚಾಪೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿರುತ್ತಾರೆ. ಹೋದ ಸಲ ಪಕ್ಕದ ಮನೆಯ ಅಮ್ಮಾಜಮ್ಮ ನನ್ನನ್ನೇ ತಡೆದು ಕೇಳಿದಳು: "ಎಲ್ಲಾರ್ ಮನೇದೂ ಕೇಳ್ತೀಯಲ್ಲಣ್ಣ, ನಿನ್ ಮನೇದು ಯಾರ್ ಕೇಳ್ಬೇಕು?" ಬಾಯಿ ಜಾಸ್ತಿ ಅವಳಿಗೆ. ಆದರೂ ದಿನಾ ಸಾರು ಕೊಟ್ಟು ಹೋಗುತ್ತಾಳೆ.

ಎರಡು ಸಾಲು ಬರೆದರೆ ನಿನ್ನ ಗಂಟೇನು ಹೋಗುತ್ತದೆ? ಬರೆಯುವುದು ಕಾಗದದ ಮೇಲೆ, ನಿನ್ನ ಗಂಡನ ಹಣೆಯ ಮೇಲಲ್ಲ. ಸಭೆಯೆಂದರೆ ಒಂದು ಕಟ್ಟುಪಾಡು ಬೇಕು. ಗಣಿಯಲ್ಲಿ ನಾನು ಶಾಫ್ಟಿನ ಬಾಯಲ್ಲಿ ನಿಂತು, ಆಳುಗಳ ಕೇಜು ಇಳಿಸಲು ಏರಿಸಲು ಗಂಟೆ ಹೊಡೆಯುವವನು. ನಂಬರಿನ ಹಿತ್ತಾಳೆ ಬಿಲ್ಲೆ ತೋರಿಸದವನನ್ನು, ಅವನು ನನ್ನ ತಮ್ಮನೇ ಆಗಿರಲಿ, ಕೇಜಿಗೆ ಹತ್ತಿಸುವುದಿಲ್ಲ. ನಿನ್ನ ತಾಯಿ ಪಾಪಕ್ಕ ಬದುಕಿದ್ದಿದ್ದರೆ ಕೈ ಹಿಡಿದು ಬರೆಸುತ್ತಿದ್ದಳು. ಅವಳು ಹೋಗಿ ಆರು ವರ್ಷ ಆಯಿತು, ಈ ಮನೆಯಲ್ಲಿ ಮಾತಾಡಿದರೆ ಗೋಡೆಯೇ ತಿರುಗಿ ಹೇಳುತ್ತದೆ.

ಬರೆದು ಕಳಿಸು. ಆಮೇಲೆ ಆರು ತಿಂಗಳು ಕಾಯುವುದು ನನಗೇನೂ ಕಷ್ಟವಲ್ಲ.

ನಿನ್ನ ತಂದೆ
ಕೋದಂಡಪ್ಪ

*

ಬೂದಿಕೋಟೆ
3 ಜನವರಿ 1958

ಅಪ್ಪನಿಗೆ ವಂದನೆಗಳು.

ಹಬ್ಬದ ದಿನ ನಿಮ್ಮನ್ನು ನೆನೆಸಿಕೊಂಡು ಅತ್ತೆನೆಂದು ಬರೆದರೆ ನೀವು ಎರಡು ಸಾಲಿನ ಮಾತೇ ಎತ್ತುತ್ತೀರಿ. ಆದರೂ ಬರೆಯುತ್ತಿದ್ದೇನೆ, ಅತ್ತುಬಿಟ್ಟೆ.

ನಮ್ಮ ಅತ್ತೆ ಮುತ್ಯಾಲಮ್ಮನವರ ವಿಷಯ ನಿಮಗೆ ಹೇಳಬೇಕು. ಅಮ್ಮ ಅಡುಗೆಗೆ ಮುಂಚೆ ದೇವರ ಪಾಲೆಂದು ಒಂದು ಹಿಡಿ ತೆಗೆದಿಟ್ಟು ತಿಂಗಳಿಗೊಮ್ಮೆ ಸಭೆಗೆ ಕೊಡುತ್ತಿದ್ದರಲ್ಲ, ಇಲ್ಲಿ ನಾನೂ ಹಾಗೆಯೇ ಒಂದು ಹಿಡಿ ರಾಗಿಹಿಟ್ಟು ತೆಗೆದಿಡುತ್ತೇನೆ. ಒಂದು ದಿನ ನೋಡಿಬಿಟ್ಟರು. "ಯಾರಿಗಮ್ಮಾ ಈ ಇಟ್ಟು ಎತ್ತಿಕ್ತಿದ್ದೀಯ?" ಎಂದರು. ದೇವರಿಗೆ ಎಂದೆ. "ನಿಮ್ ದೇವ್ರೂ ಮುದ್ದೇನೇ ತಿಂತಾನಾ? ಪರ್ವಾಗಿಲ್ಲ, ನಮ್ಮೋನೇ ಅಂಗಾದ್ರೆ" ಎಂದು ನಕ್ಕರು. ಮಾರನೆಯ ದಿನ ಗಡಿಗೆ ನೋಡಿದರೆ ಎರಡು ಹಿಡಿ ಇತ್ತು. ಅಂದಿನಿಂದ ದಿನಾ ಎರಡು ಹಿಡಿ. ಪಟ್ಟಿಯಲ್ಲಿಲ್ಲದವಳ ಹಿಟ್ಟು ಸಭೆಗೆ ಬೇಡವಂತೆ. ಅದಕ್ಕೆ ಕಣ್ಣಿಲ್ಲದ ಬಚ್ಚಪ್ಪ ತಾತನಿಗೆ ಕೊಡುತ್ತೇವೆ.

ನಿಮ್ಮ ಹತ್ತಿರ ವಾದ ಮಾಡುವಷ್ಟು ಸತ್ಯವೇದ ಓದಿದವಳಲ್ಲ ನಾನು. ಆದರೆ ಆ ಎರಡನೆಯ ಹಿಡಿಯನ್ನು ಕಂಡಾಗ ದೇವರ ಪ್ರೀತಿ ಈ ಅಡುಗೆಮನೆಗೂ ಬಂದಿದೆ ಎನ್ನಿಸಿತು.

ಒಂದು ಸಲ ಬನ್ನಿ ಅಪ್ಪ. ಊಟ ಮಾಡಬೇಡಿ, ನೀರಾದರೂ ಕುಡಿಯಿರಿ. ನಿಮಗೆ ಹೇಳಬೇಕಾದ ಒಂದು ವಿಷಯ ಇದೆ. ಕಾಗದದಲ್ಲಿ ಬರೆಯುವಂಥದ್ದಲ್ಲ, ಮುಖ ನೋಡಿ ಹೇಳಬೇಕು.

ಸುವಾರ್ತೆ

*

ಚಾಂಪಿಯನ್ ರೀಫ್ಸ್
20 ಏಪ್ರಿಲ್ 1958

ಸುವಾರ್ತಮ್ಮನಿಗೆ,

ಉತ್ತರ ತಡವಾಯಿತು. ಕೆಮ್ಮು ಹಿಡಿದಿತ್ತು. ಗಣಿಯವರಿಗೆ ಕೆಮ್ಮು ಹೊಸದಲ್ಲ, ಗಾಬರಿಯಾಗಬೇಡ.

ಬಾ ಎಂದು ಬರೆದಿದ್ದೀಯೆ. ರೈಲಿನಲ್ಲಿ ಒಂದು ತಾಸು, ಅಲ್ಲಿಂದ ಬಸ್ಸು. ಬರಲಾರದಷ್ಟು ದೂರವೇನಲ್ಲ. ಆದರೆ ಮಗಳ ಮನೆಗೆ ಬಂದು ಉಣ್ಣದೆ ಎದ್ದು ಹೋದರೆ ನಿನ್ನ ಅತ್ತೆಗೆ ಅವಮಾನ, ಉಂಡರೆ ಸಭೆಗೆ ಅವಮಾನ. ಊರಿಗೆಲ್ಲ ಬುದ್ಧಿ ಹೇಳುವವನೇ ಕ್ರಮ ಮುರಿದರೆ ನಾಳೆ ನನ್ನ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಮುಖ ನೋಡಿ ಹೇಳುವ ವಿಷಯ ಎಂದರೆ ಆ ಎರಡು ಸಾಲು ಬರೆಯಲು ಮನಸ್ಸು ಮಾಡಿದ್ದೀಯೆ ಎಂದು ತಿಳಿದು ಸಂತೋಷಪಟ್ಟಿದ್ದೇನೆ. ಸಂಕೋಚ ಬೇಡ. ಟಪಾಲಿನಲ್ಲೇ ಕಳಿಸು, ನಾನು ಯಾರಿಗೂ ತೋರಿಸದೆ ನೇರವಾಗಿ ಪಾದ್ರಿ ಅಯ್ಯನವರ ಕೈಗೆ ಕೊಡುತ್ತೇನೆ.

ನಿನ್ನ ತಂದೆ

*

ಚಾಂಪಿಯನ್ ರೀಫ್ಸ್
2 ನವೆಂಬರ್ 1958

ಸುವಾರ್ತಮ್ಮನಿಗೆ,

ಏಪ್ರಿಲ್‌ನಲ್ಲಿ ಬರೆದದ್ದಕ್ಕೆ ಉತ್ತರವಿಲ್ಲ. ಆರು ತಿಂಗಳಾಯಿತು. ಟಪಾಲಿನವನನ್ನು ದಿನಾ ಕೇಳಿ ಕೇಳಿ ಅವನು ಈಗ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ.

ತಂದೆಗೆ ಉತ್ತರ ಬರೆಯದಷ್ಟು ಗರ್ವ ನಿನಗೆ ಎಲ್ಲಿಂದ ಬಂತು? ನಿನ್ನ ತಾಯಿಯಲ್ಲಿ ಅದು ಇರಲಿಲ್ಲ. ಎದೆ ಕಲ್ಲು ಮಾಡಿಕೊಂಡವರನ್ನು ದೇವರು ತನ್ನದೇ ರೀತಿಯಲ್ಲಿ ತಿದ್ದುತ್ತಾನೆ. ಆ ದಿನ ಬರುವ ಮುಂಚೆ ತಿದ್ದಿಕೊಂಡರೆ ಒಳ್ಳೆಯದು.

ಕೋದಂಡಪ್ಪ

*

ಬೂದಿಕೋಟೆ
11 ಜನವರಿ 1959

ತೀರ್ಥರೂಪರಿಗೆ ನಮಸ್ಕಾರಗಳು.

ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯಬೇಕು. ಸ್ಕೂಲು ನಡೆಯುತ್ತಿದೆ. ಈ ವರ್ಷ ಅವರೆ ಚೆನ್ನಾಗಿ ಬಂದಿದೆ. ಕೆಮ್ಮಿಗೆ ಬಿಸಿನೀರು ಕುಡಿಯಿರಿ.

ಬೇರೆ ವಿಶೇಷವಿಲ್ಲ.

ಸುವಾರ್ತಮ್ಮ

*

ಚಾಂಪಿಯನ್ ರೀಫ್ಸ್
12 ಮಾರ್ಚ್ 1961

ಸುವಾರ್ತೆಗೆ ಅನೇಕ ಆಶೀರ್ವಾದಗಳು.

ಎರಡು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ನೀನು 'ತೀರ್ಥರೂಪರಿಗೆ' ಎಂದು ಬರೆದ ಕಾಗದಕ್ಕೆ ಏನು ಉತ್ತರ ಬರೆಯಬೇಕೋ ತಿಳಿಯಲಿಲ್ಲ. ಈಗ ತಡೆಯಲಾಗಲಿಲ್ಲ. ಅಮ್ಮಾಜಮ್ಮ ಬಂಗಾರಪೇಟೆಯ ಸಂತೆಯಲ್ಲಿ ನಿಮ್ಮ ಊರಿನವರನ್ನು ಕಂಡಳಂತೆ. ರೈಲಿಳಿದವಳು ಮನೆಗೂ ಹೋಗದೆ ನೇರ ಶಾಫ್ಟಿನ ಹತ್ತಿರ ಬಂದು, "ಅಣ್ಣಾ, ನೀನ್ ತಾತ ಆದೆ, ಗಂಡು ಮಗು" ಎಂದಳು. ನಾನು ಗಂಟೆ ಹೊಡೆಯುವುದನ್ನೇ ಮರೆತೆ. ಕೆಳಗಿನಿಂದ ಬಯ್ಯುತ್ತಿದ್ದರು.

ನನ್ನ ಮೊದಲ ಮೊಮ್ಮಗ. ಯಾರ ಹಾಗಿದ್ದಾನೆ? ನಿನ್ನ ಹಾಗೆ ಹುಟ್ಟುವಾಗಲೇ ಹಣೆ ಗಂಟಿಕ್ಕಿಕೊಂಡು ಬಂದನೇ? ಒಂದು ಫ್ಲಾನೆಲ್ ತುಂಡು ತಂದು ಅಮ್ಮಾಜಮ್ಮನ ಕೈಲಿ ಅಂಗಿ ಹೊಲಿಸಿದ್ದೇನೆ.

ಕೋಪ ಮಾಡಿಕೊಳ್ಳಬೇಡ, ಒಂದು ಮಾತು. ಮಗುವಿಗೆ ಅಯ್ಯನವರಿಂದ ನೀರು ಹಾಕಿಸಿ ಸ್ನಾನದೀಕ್ಷೆ ಕೊಡಿಸಬೇಕಾದರೆ ತಾಯಿಯ ಹೆಸರು ಪಟ್ಟಿಯಲ್ಲಿರಬೇಕು. ನಿನಗಾಗಿ ಅಲ್ಲದಿದ್ದರೂ ಮಗುವಿಗಾಗಿ ಆ ಎರಡು ಸಾಲು ಬರೆದುಕೊಡು ತಾಯಿ. ದೀಕ್ಷೆಯಿಲ್ಲದೆ ಮಗು ಇರುವುದು ಒಳ್ಳೆಯದಲ್ಲ. ಏನಾದರೂ ಆದರೆ ಆಮೇಲೆ ಯಾರನ್ನು ಕೇಳುವುದು?

ನಿನ್ನ ಅಪ್ಪ

*

ಬೂದಿಕೋಟೆ
2 ಏಪ್ರಿಲ್ 1961

ಅಪ್ಪ,

ಮೊದಲನೆಯದಲ್ಲ. ಇದು ಎರಡನೆಯ ಮಗು.

ನಿಮ್ಮ ಮುಖ ನೋಡಿ ಹೇಳಬೇಕೆಂದಿದ್ದ ವಿಷಯ ಅದೇ ಆಗಿತ್ತು. ನನಗೆ ಆಗ ಮೂರು ತಿಂಗಳಾಗಿತ್ತು. 1958ರ ಜುಲೈನಲ್ಲಿ ಹುಟ್ಟಿ ಒಂಬತ್ತು ದಿನ ಇತ್ತು. ಆರನೆಯ ದಿನ ಹಾಲು ಕುಡಿಯುವುದನ್ನು ನಿಲ್ಲಿಸಿತು. ಇವರು ಸೈಕಲ್ ತುಳಿದು ಬಂಗಾರಪೇಟೆಗೆ ಹೋಗಿ ಅಯ್ಯನವರನ್ನು ಬೇಡಿದರು. ಕ್ರೈಸ್ತನಲ್ಲದವನು ಕ್ರೈಸ್ತರ ಅಯ್ಯನವರ ಮುಂದೆ ಕೈಮುಗಿದು, ಬಂದು ಮಗುವಿಗೆ ಒಂದಿಷ್ಟು ನೀರು ಹಾಕಿ, ನನ್ನ ಹೆಂಡತಿಗೆ ಸಮಾಧಾನವಾಗುತ್ತದೆ ಎಂದು ಕೇಳಿದರು. ತಾಯಿಯ ಹೆಸರು ಪಟ್ಟಿಯಲ್ಲಿಲ್ಲ, ಚಾಂಪಿಯನ್ ರೀಫ್ಸ್‌ನ ಹಿರಿಯರಿಂದ ಕಾಗದ ಬೇಕು ಎಂದರಂತೆ. ಆ ಹಿರಿಯರು ಯಾರೆಂದು ಇವರಿಗೆ ಗೊತ್ತಿತ್ತು. ಮನೆಗೆ ಬಂದು, ಅಯ್ಯನವರು ಊರಲ್ಲಿರಲಿಲ್ಲ ಎಂದು ನನಗೆ ಸುಳ್ಳು ಹೇಳಿದರು. ನಿಜ ತಿಳಿದದ್ದು ವರ್ಷದ ಮೇಲೆ.

ಸಭೆಯ ಸ್ಮಶಾನಕ್ಕೂ ಸೇರಿಸಲಿಲ್ಲ. ನಮ್ಮ ಹೊಲದ ಬದುವಿನ ಹೊಂಗೆಯ ಬುಡದಲ್ಲಿ ಮಲಗಿಸಿದೆವು. ಅತ್ತೆ, "ನಿನ್ ದೇವ್ರಿಗೆ ಏನ್ ಏಳ್ಬೇಕೋ ನೀನೇ ಏಳಮ್ಮಾ, ನಂಗೆ ಬರಲ್ಲ" ಎಂದು ಬಿಕ್ಕಿದರು. ನನಗೂ ಬರಲಿಲ್ಲ.

ನಿಮಗೆ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀರಿ. ಬರೆಯಲು ನಾಲ್ಕು ಸಲ ಕೂತೆ. ಇದು ನಿನ್ನ ಪಾಪಕ್ಕೆ ಸಿಕ್ಕ ಶಿಕ್ಷೆ ಎಂದು ನೀವು ಬರೆದುಬಿಟ್ಟರೆ ನಾನು ಬದುಕಲಾರೆ ಎಂದು ಹೆದರಿದೆ. ನವೆಂಬರಿನಲ್ಲಿ ನಿಮ್ಮ ಕಾಗದ ಬಂತು. ಎದೆ ಕಲ್ಲು ಮಾಡಿಕೊಂಡವರನ್ನು ದೇವರು ತಿದ್ದುತ್ತಾನೆ ಎಂದಿತ್ತು ಅದರಲ್ಲಿ. ನಿಮಗೆ ಏನೂ ತಿಳಿಯದೆ ಬರೆದದ್ದು ಎಂದು ಗೊತ್ತು. ಆದರೂ ಅಂದಿನಿಂದ ನಿಮ್ಮ ಕೈಬರಹ ಕಂಡರೆ ಒಡೆಯಲು ಇವರ ಕೈಗೇ ಕೊಡುತ್ತೇನೆ.

ಈಗ ನಿಮ್ಮ ಮಗಳಾಗಿ ಅಲ್ಲ, ಕೊನೆಯ ಬೆಂಚಿನವಳಾಗಿ ಸಭೆಯ ಹಿರಿಯರನ್ನು ಒಂದು ಕೇಳುತ್ತೇನೆ. ನೀರು ಬೀಳದ, ಯಾವ ಪಟ್ಟಿಯಲ್ಲೂ ಹೆಸರಿಲ್ಲದ ನನ್ನ ಮಗು ಈಗ ಎಲ್ಲಿದೆ? ಮೂರು ವರ್ಷದಿಂದ ಇದೊಂದೇ ಪ್ರಶ್ನೆ. ಬೇರೆ ಯಾರನ್ನು ಕೇಳಲಿ?

ಸುವಾರ್ತೆ

*

ಚಾಂಪಿಯನ್ ರೀಫ್ಸ್
21 ಮೇ 1961

ಮಗಳೇ,

ನಿನ್ನ ಕಾಗದ ಬಂದು ಆರು ವಾರವಾಯಿತು. ಉತ್ತರ ಬರೆಯುವ ಮುಂಚೆ ಮಾಡಬೇಕಾದದ್ದು ಸ್ವಲ್ಪ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಪ್ರಶ್ನೆ.

ನಿನಗೆ ಎಂಟು ವರ್ಷವಿದ್ದಾಗ ಆಳದಲ್ಲಿ ಬಂಡೆ ಸಿಡಿದು ನಾಲ್ವತ್ತು ಜನ ಒಳಗೆ ಸಿಕ್ಕಿಕೊಂಡಿದ್ದರು. ನೀನೂ ಅಮ್ಮನೂ ಶಾಫ್ಟಿನ ಬೇಲಿ ಹಿಡಿದು ನಿಂತಿದ್ದಿರಿ. ಕೇಜು ಮೇಲೆ ಬಂದಾಗ ಅದರ ಬಾಗಿಲು ತೆಗೆದವನು ನಾನು. ಬಿಲ್ಲೆ ಎಲ್ಲಿ ಎಂದು ಒಬ್ಬನನ್ನೂ ಕೇಳಲಿಲ್ಲ. ಕೈ ಸಿಕ್ಕರೆ ಕೈ, ಕಾಲು ಸಿಕ್ಕರೆ ಕಾಲು ಹಿಡಿದು ಎಳೆದುಕೊಂಡೆ. ಇಂಥ ಒರಟನಿಗೇ ಅಂದು ಅಷ್ಟು ಬುದ್ಧಿ ಇತ್ತು. ದೇವರು ನನಗಿಂತ ಕಡೆಯೇ? ನಿನ್ನ ಮಗು ಅವನ ತೋಳಲ್ಲಿದೆ. ಹಿರಿಯನಾಗಿ ಹೇಳುತ್ತಿಲ್ಲ. ತಂದೆಯಾಗಿ, ನನಗಿರುವ ನಂಬಿಕೆಯನ್ನೆಲ್ಲ ಒಟ್ಟುಮಾಡಿ ಹೇಳುತ್ತಿದ್ದೇನೆ.

ಅದು ಶಿಕ್ಷೆಯಲ್ಲ ಸುವಾರ್ತೆ. ನೀನು ಹಾಗೆ ಹೆದರುವಂತೆ ಮಾಡಿದವನು ದೇವರಲ್ಲ, ನಾನು. ಮನೆ ಬಿಟ್ಟು ಹೋದ ಕಿರಿಮಗನ ಸಾಮ್ಯದ ಕಥೆಯನ್ನು ಇಷ್ಟು ವರ್ಷ ಸಂಡೇ ಸ್ಕೂಲಿನಲ್ಲಿ ಹೇಳಿಕೊಟ್ಟೆ. ಆ ಮಗ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ತಂದೆ ಅದನ್ನು ಪೂರ್ತಿ ಹೇಳಲೂ ಬಿಡಲಿಲ್ಲ, ಓಡಿಹೋಗಿ ಅಪ್ಪಿಕೊಂಡ. ನಾನು ಬಾಗಿಲಲ್ಲಿ ಅಡ್ಡ ನಿಂತು, ಬರವಣಿಗೆಯಲ್ಲಿ ಕೊಡು, ಸಹಿ ಹಾಕು, ಆರು ತಿಂಗಳು ಬಿಟ್ಟು ಬಾ ಎಂದೆ. ನಿನ್ನ ಪಾಪಕ್ಕೆ ಹೆದರಿ ಹಾಗೆ ಮಾಡಲಿಲ್ಲ. ಊರಿಗೆಲ್ಲ ಹೇಳುವವನ ಮಗಳೇ ಹೀಗೆ ಎಂದು ಜನ ಆಡಿಕೊಳ್ಳುತ್ತಾರಲ್ಲ, ಅದಕ್ಕೆ ಹೆದರಿದೆ.

ನಿನಗೆ ಗೊತ್ತಿಲ್ಲದ್ದು ಎರಡಿವೆ. ಬಂಗಾರಪೇಟೆಯ ಬಸ್‌ಸ್ಟ್ಯಾಂಡಿನವರೆಗೆ ನಾನು ಮೂರು ಸಲ ಬಂದಿದ್ದೆ. ಮೂರು ಸಲವೂ ಬೂದಿಕೋಟೆಯ ಬಸ್ಸು ಕಣ್ಣೆದುರೇ ಹೊರಟುಹೋಯಿತು, ನಾನು ಬೆಂಚಿನಿಂದ ಏಳಲಿಲ್ಲ. ಇನ್ನೊಂದು, ನಿನ್ನ ಹೆಸರು ತೆಗೆದ ದಿನದಿಂದ ನಾನೂ ಭೋಜನ ಮಾಡಿಲ್ಲ. ತಟ್ಟೆ ಹಿಡಿದು ಎಲ್ಲರಿಗೂ ಹಂಚಿ, ಕೊನೆಯಲ್ಲಿ ಅದನ್ನು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದೆ. ಹಿರಿಯನು ಕಡೆಯಲ್ಲಿ ತೆಗೆದುಕೊಳ್ಳುವುದರಿಂದ ಯಾರೂ ಗಮನಿಸಲಿಲ್ಲ. ಮನೆಮನೆಗೆ ಹೋಗಿ ರಾಜಿಯಾಗಿ ಎನ್ನುವವನು ತನ್ನ ಮಗಳ ಜೊತೆ ರಾಜಿಯಾಗದೆ ಹೇಗೆ ತಿನ್ನಲಿ? ತಿನ್ನಲಿಲ್ಲ, ಆದರೆ ರಾಜಿಗೂ ಬರಲಿಲ್ಲ.

ಈ ತಿಂಗಳ ಮೊದಲ ಭಾನುವಾರ, ರೊಟ್ಟಿ ಮುರಿಯುವ ಮುಂಚೆ ಎದ್ದು ನಿಂತೆ. ನಿನ್ನಿಂದ ಕೇಳಿದಷ್ಟೇ, ಎರಡು ಸಾಲು, ಬರೆದುಕೊಂಡಿದ್ದೆ. 'ದೇವರು ಕೇಳದ ಕಾಗದವನ್ನು ನಾನು ನನ್ನ ಮಗಳಿಂದ ಕೇಳಿ ಪಾಪ ಮಾಡಿದೆ. ಸಭೆ ನನ್ನನ್ನು ಕ್ಷಮಿಸಬೇಕು.' ಓದುವಾಗ ಕೆಮ್ಮು ಬಂದು ನಡುವೆ ನಿಲ್ಲಿಸಬೇಕಾಯಿತು. ಅಮ್ಮಾಜಮ್ಮ ಮಾತ್ರ ಹೆಂಗಸರ ಕಡೆಯಿಂದ ಗಟ್ಟಿಯಾಗಿ ಆಮೆನ್ ಎಂದಳು.

ಸಂಜೆ ಕಮಿಟಿ ಸೇರಿತು. ಹೊಸದಾಗಿ ಬಂದಿರುವ ಅಯ್ಯನವರು ನನ್ನ ಪರ ಮಾತಾಡಿದರು. ನಿನ್ನ ಮಗನಿಗೆ ತಾವೇ ಬಂದು ಸ್ನಾನ ಕೊಡುತ್ತೇವೆ, ಯಾರ ಕಾಗದವೂ ಬೇಡ ಎಂದರು. ಮಿಕ್ಕವರು ಒಪ್ಪಲಿಲ್ಲ. ಸಭೆಯ ಕ್ರಮವನ್ನೇ ಪಾಪ ಎಂದದ್ದಕ್ಕೆ ಹಿರಿಯನ ಸ್ಥಾನದಿಂದ ನನ್ನನ್ನು ತೆಗೆದು, ಪಟ್ಟಿಯಿಂದಲೂ ಹೆಸರು ಹೊಡೆದರು. ತಿಳುವಳಿಕೆ ಪತ್ರ ಬರೆಯಲು ಅಕ್ಷರ ನೆಟ್ಟಗಿರುವವರು ಬೇರೆ ಯಾರೂ ಇರಲಿಲ್ಲ. ಅದನ್ನೂ ನಾನೇ ಬರೆದುಕೊಟ್ಟೆ. ನಗು ಬಂತು, ಆಮೇಲೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಮೂವತ್ತು ವರ್ಷ ಆ ಸಭೆಗೆ ದುಡಿದಿದ್ದೆ. ಈಗ ನಾನೂ ಕೊನೆಯ ಬೆಂಚು. ಆ ಐದು ನಿಮಿಷ ಬಹಳ ಉದ್ದ ಎಂದು ನೀನು ಬರೆದಿದ್ದೆ. ಹೌದು, ಉದ್ದವೇ.

ಹಿರಿಯರು ನಿನ್ನ ಮನೆಯಲ್ಲಿ ಉಣ್ಣಬಾರದು ಎನ್ನುವುದು ಕ್ರಮ. ನಾನು ಈಗ ಹಿರಿಯನಲ್ಲ. ಪಟ್ಟಿಯಿಂದ ಹೊರಗಿರುವವನು ಪಟ್ಟಿಯಿಂದ ಹೊರಗಿರುವವಳ ಮನೆಯಲ್ಲಿ ಉಣ್ಣಬಾರದು ಎಂಬ ಕ್ರಮ ಎಲ್ಲೂ ಇಲ್ಲ, ಸಭೆಯ ಕ್ರಮದ ಪುಸ್ತಕ ಪೂರ್ತಿ ಹುಡುಕಿದೆ. ಬರುವ ಶನಿವಾರ ಬೆಳಗಿನ ಮಾರಿಕುಪ್ಪಂ ರೈಲಿಗೆ ಹೊರಟು ಬರುತ್ತೇನೆ. ನಿನ್ನ ಗಂಡನ ಮುಂದೆ ಹೇಗೆ ನಿಲ್ಲುವುದೋ ತಿಳಿಯದು. ಅವನು ಅಯ್ಯನವರ ಮುಂದೆ ಕೈಮುಗಿದ ಮಾತು ನನ್ನನ್ನು ನಿದ್ದೆ ಮಾಡಲು ಬಿಟ್ಟಿಲ್ಲ. ಮೊದಲು ಅವನ ಕೈ ಹಿಡಿಯುತ್ತೇನೆ, ಆಮೇಲೆ ನನ್ನನ್ನು ಹೊಂಗೆಯ ಹತ್ತಿರ ಕರೆದುಕೊಂಡು ಹೋಗು. ಊಟ ಎಲ್ಲದರ ಕೊನೆಗೆ.

ಒಂದು ಮಾತು ಕೇಳಲು ನಾಚಿಕೆಯಾಗುತ್ತದೆ. ಒಂಬತ್ತು ದಿನ ಇದ್ದದ್ದು ಹೆಣ್ಣೋ ಗಂಡೋ ನೀನು ಬರೆದಿಲ್ಲ. ಹೆಸರು ಏನಾದರೂ ಇಟ್ಟಿದ್ದಿರಾ? ಆ ಮಣ್ಣಿನ ಹತ್ತಿರ ನಿಂತು ಪ್ರಾರ್ಥನೆ ಮಾಡುವಾಗ ಏನೆಂದು ಕರೆಯಲಿ?

ನಿನ್ನ ಅಪ್ಪ
ಕೋದಂಡಪ್ಪ

*

(ಕಾರ್ಡು)

ಬೂದಿಕೋಟೆ
24 ಮೇ 1961

ಅಪ್ಪ, ಹೆಣ್ಣು. ಅಮ್ಮನ ಹೆಸರೇ ಇಟ್ಟಿದ್ದೆ, ಪಾಪಕ್ಕ ಎಂದು.
ನೀವು ಇಳಿಯುವ ಕಡೆ ಇವರು ಸೈಕಲ್ ಹಿಡಿದು ಕಾದಿರುತ್ತಾರೆ, ಬಸ್ಸಿಗೆ ಕಾಯಬೇಡಿ.

ಸುವಾರ್ತೆ